ಗುಪ್ತಪೆಟ್ಟಿಗೆಯ ಪರೀಕ್ಷೆ

ಬೆಂಗಳೂರಿನ ಪಶ್ಚಿಮದಲ್ಲಿರುವ ಶ್ರೀಗಂಧದ ಕಾವಲಿನಿಂದ ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ವಿದ್ಯಾರ್ಥಿಯ ಚೀಲದಲ್ಲಿ ಒಂದು ಹಾರ್ಡ್ ಡಿಸ್ಕ್ ಇದೆಯೆನ್ನೋಣ. ವರ್ಷವಿಡೀ ಬರೆದ ಪ್ರಬಂಧ, ಮನೆಯವರ ಆಧಾರ್ ಪ್ರತಿಗಳು, ಬ್ಯಾಂಕಿನ ಲೆಕ್ಕ ಎಲ್ಲವೂ ಅದರಲ್ಲಿವೆ. ಚೀಲ ಕಳೆದರೆ ಅವು ಯಾರ ಪಾಲು? ಈ ಭಯಕ್ಕೆಂದೇ, ಗುಪ್ತಸಂಖ್ಯೆಯನ್ನು ಒತ್ತಿದ ಹೊರತು ತೆರೆಯದ ಡಿಸ್ಕ್ ಪೆಟ್ಟಿಗೆಗಳು ಅಂಗಡಿಗೆ ಬಂದಿವೆ. ಅವುಗಳ ಸತ್ತ್ವವನ್ನು ಪರೀಕ್ಷಿಸುವುದು ಹೇಗೆ?

ಬೀಗ ಬೇರೆ, ಗೂಢಲಿಪಿ ಬೇರೆ. ಪೆಟ್ಟಿಗೆಯ ತಿರುಪುಗಳನ್ನು ಬಿಚ್ಚಿ, ಡಿಸ್ಕನ್ನು ಹೊರತೆಗೆದು, ನೇರವಾಗಿ ಕಂಪ್ಯೂಟರಿಗೆ ಜೋಡಿಸಬಹುದಷ್ಟೆ. ಆಗ ಕಾಣುವುದು ಅರ್ಥವಿಲ್ಲದ ಅಂಕಿಗಳ ರಾಶಿಯಾಗಿರಬೇಕು. ಎಇಎಸ್ ಎಂಬ ಗೂಢಲಿಪಿಯ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಪೆಟ್ಟಿಗೆಯೊಂದನ್ನು ಜರ್ಮನಿಯ ಕಂಪ್ಯೂಟರ್ ಪತ್ರಿಕೆಯೊಂದು 2008ರಲ್ಲಿ ಪರೀಕ್ಷಿಸಿತು. ಡಿಸ್ಕಿನ ಮೇಲೆ ಎಇಎಸ್ ಇರಲೇ ಇಲ್ಲ! 512 ಬೈಟುಗಳ ಒಂದೇ ಕೀಲಿಯನ್ನು ಪ್ರತಿಯೊಂದು ಖಂಡಕ್ಕೂ ‘ಎಕ್ಸಾರ್’ ಕ್ರಿಯೆಯಿಂದ ಬೆರೆಸಲಾಗಿತ್ತು. ಸೊನ್ನೆಗಳೊಡನೆ ಹೀಗೆ ಬೆರೆತ ಕೀಲಿ ಬದಲಾಗದೆ ಹಾಗೆಯೇ ಉಳಿಯುತ್ತದೆ. ಆದುದರಿಂದ ಸೊನ್ನೆಗಳನ್ನು ಬರೆದಿದ್ದ ಎಡೆಯಲ್ಲೆಲ್ಲ ಕೀಲಿಯೇ ಅಚ್ಚಾಗಿತ್ತು. ಕಳ್ಳನಿಗೆ ಇನ್ನೇನು ಬೇಕು?

ಈ ಪರೀಕ್ಷೆಯನ್ನು ನಾವೂ ಮಾಡಬಹುದು. ಬರಿಯ ಸೊನ್ನೆಗಳ ದೊಡ್ಡ ಕಡತವನ್ನು ಬರೆದು, ಡಿಸ್ಕನ್ನು ಹೊರತೆಗೆದು ಓದಬೇಕು. ಒಂದೇ ವಿನ್ಯಾಸ ಮತ್ತೆ ಮತ್ತೆ ಬಂದರೆ ಪೆಟ್ಟಿಗೆ ತ್ಯಾಜ್ಯ. ಬಾರದಿದ್ದರೂ ಪೂರ್ಣ ಭರವಸೆಯಿಲ್ಲ. ನಾಲ್ಕಂಕಿಯ ಗುಪ್ತಸಂಖ್ಯೆಗೆ 10,000 ರೂಪಗಳು ಮಾತ್ರ. ಕೆಲವೇ ತಪ್ಪು ಯತ್ನಗಳ ತರುವಾಯ ಪೆಟ್ಟಿಗೆ ತನ್ನ ಕೀಲಿಯನ್ನು ಅಳಿಸಿಹಾಕುವುದೇ ಎಂಬುದನ್ನೂ, ಬರಿದಾದ ಡಿಸ್ಕಿನ ಮೇಲೆಯೇ, ನೋಡತಕ್ಕದ್ದು. ಅಳಿದ ಕೀಲಿ ಒಡೆಯನಿಗೂ ದೊರೆಯದು. ಪ್ರಬಂಧದ ಇನ್ನೊಂದು ಪ್ರತಿ ಮನೆಯಲ್ಲಿರಲಿ.