ಎಟುಕಬೇಕಾದ್ದು ಎಟುಕಲಿ: ಪುಟ್ಟ ಮಕ್ಕಳಿರುವ ಮನೆಗೆ ಹನ್ನೆರಡು ಸೂತ್ರಗಳು

ಮಗು ಅಂಬೆಗಾಲಿಡಲು ಶುರುಮಾಡಿದ ವಾರವೇ ಮನೆಯ ಅರ್ಧ ಸಾಮಾನು ಅಟ್ಟ ಸೇರುತ್ತದೆ. ಹೂದಾನಿ, ಗಾಜಿನ ಟೀಪಾಯಿ, ಕೈಮಗ್ಗದ ಮೇಜುಬಟ್ಟೆ ಎಲ್ಲವೂ ಮಾಯ. ಆ ಜಾಗಕ್ಕೆ ಕಣ್ಣು ಕುಕ್ಕುವ ಬಣ್ಣದ ಪ್ಲಾಸ್ಟಿಕ್ ಬಂದು ಕೂರುತ್ತದೆ. ‘ಮಕ್ಕಳು ದೊಡ್ಡವರಾಗಲಿ, ಆಮೇಲೆ ಮನೆ ಚೆಂದ ಮಾಡಿಕೊಳ್ಳೋಣ’ ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ. ಬಾಡಿಗೆ ಮನೆಯಲ್ಲಿ ಇಬ್ಬರು ಮಕ್ಕಳನ್ನು ಬೆಳೆಸಿದ ಮೇಲೆ ಆ ಮಾತು ತಪ್ಪೆಂದು ಗೊತ್ತಾಯಿತು.

ಅಜ್ಜಿಯ ಮನೆಯನ್ನು ನೆನೆಯಿರಿ. ನೆಲಕ್ಕೆ ಮಣೆ, ಗೋಡೆಗೆ ಗೂಟ, ಅದಕ್ಕೂ ಮೇಲೆ ನಾಗಂದಿಗೆ, ಸೂರಿನಿಂದ ಇಳಿಬಿಟ್ಟ ನೆಲುವು. ಪ್ರತಿ ಎತ್ತರಕ್ಕೂ ಒಂದು ವಸ್ತು, ಪ್ರತಿ ವಸ್ತುವಿಗೂ ಒಂದು ಎತ್ತರ. ಹಾಲು ಮೊಸರು ಬೆಕ್ಕಿಗೂ ಮಗುವಿಗೂ ಸಿಗದಂತೆ ನೆಲುವಿನಲ್ಲಿ ತೂಗುತ್ತಿದ್ದವು. ಅದೇ ಲೆಕ್ಕ ಇಂದಿಗೂ ಸಾಕು. ಮಗುವಿಗೆ ಬೇಕಾದ್ದು ಎಟುಕಬೇಕು, ಬೇಡದ್ದು ಎಟುಕಬಾರದು, ಎರಡೂ ನೋಡಲು ಚೆನ್ನಾಗಿರಬೇಕು.

1. ಮೊದಲು ನೆಲದ ಮೇಲೆ ಕೂತು ಮನೆ ನೋಡಿ

ಅಂಗಡಿಗೆ ಹೋಗುವ ಮುನ್ನ ಹತ್ತು ನಿಮಿಷ ನಡುಮನೆಯಲ್ಲಿ ಮಂಡಿಯೂರಿ ತಿರುಗಾಡಿ. ಸೋಫಾದ ಕೆಳಗಿನ ಮೊಳೆ, ಟೀಪಾಯಿಯ ಚೂಪು ಮೂಲೆ, ಜೋತಾಡುವ ಚಾರ್ಜರ್ ವೈರು, ಪರದೆಯ ಹಗ್ಗದ ಕುಣಿಕೆ ಆಗ ಕಾಣುತ್ತವೆ. ನಮ್ಮ ಮಗಳು ಹಣೆಗೆ ಪೆಟ್ಟು ಮಾಡಿಕೊಂಡ ಮೂಲೆಯನ್ನು ನಾನು ನಾಲ್ಕು ವರ್ಷ ದಿನವೂ ನೋಡಿದ್ದೆ, ಆದರೆ ನಿಂತು ನೋಡಿದ್ದೆ. ಕಂಡದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಳ್ಳಿ. ನಿಮ್ಮ ಮೊದಲ ಖರೀದಿ ಪಟ್ಟಿ ಅದೇ.

2. ಗೂಟ ತಗ್ಗಿಸಿ, ಕಪಾಟು ತಗ್ಗಿಸಿ

ಮರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮಿನ ಬಡವರ ಬಡಾವಣೆಯೊಂದರಲ್ಲಿ ಮಕ್ಕಳ ಮನೆ ತೆರೆದರು. ಅಲ್ಲಿ ಅವರು ಮೇಜು, ಕುರ್ಚಿ, ಬೀರುಗಳನ್ನು ಮಕ್ಕಳ ಅಳತೆಗೆ ತಂದರು. 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದವರು ಮಹಾಯುದ್ಧದ ಕಾಲವನ್ನೆಲ್ಲ ಭಾರತದಲ್ಲೇ ಕಳೆದು ಇಲ್ಲಿನ ಶಿಕ್ಷಕರಿಗೆ ಪಾಠ ಹೇಳಿದರು. ಅವರ ಪಾಠವನ್ನು ಮನೆಗೆ ತರಲು ದೊಡ್ಡ ಖರ್ಚಿಲ್ಲ. ಬಾಗಿಲ ಬಳಿ ಎರಡೂವರೆ ಅಡಿ ಎತ್ತರದಲ್ಲಿ ನಾಲ್ಕು ಮರದ ಗೂಟ ಹೊಡೆಸಿ. ಚೀಲ, ಟೋಪಿ, ಸ್ವೆಟರು ಅಲ್ಲಿಗೆ. ಅದರಡಿ ಚಪ್ಪಲಿಗೊಂದು ತಗ್ಗು ಹಲಗೆ. ಗೂಟಗಳ ತುದಿ ಉರುಟಾಗಿರಲಿ, ಮಗುವಿನ ಕಣ್ಣಿನ ಮಟ್ಟಕ್ಕೆ ನೇರವಾಗಿ ಬರದಿರಲಿ. ‘ಎತ್ತಿಡು’ ಎಂದು ಕೂಗಬೇಕಾದ ಸಲ ಅರ್ಧಕ್ಕರ್ಧ ಇಳಿಯುತ್ತದೆ, ಏಕೆಂದರೆ ಎತ್ತಿಡಲು ಮಗುವಿಗೆ ಈಗ ಜಾಗವಿದೆ.

3. ಮಣೆಯನ್ನು ಮರಳಿ ತನ್ನಿ

ಅಟ್ಟದಲ್ಲಿ ಬಿದ್ದಿರುವ ಹಲಸಿನ ಮರದ ಮಣೆಯನ್ನು ಒರೆಸಿ ಇಳಿಸಿ. ಊಟಕ್ಕೆ ಕೂರಲು, ಚಿತ್ರ ಬರೆಯುವಾಗ ಮೇಜಾಗಲು, ಹೂಕುಂಡ ಇಡಲು ಒಂದೇ ಮಣೆ ಸಾಕು. ಮಗು ಅದರಿಂದ ಬಿದ್ದರೂ ಬೀಳುವುದು ನಾಲ್ಕು ಬೆರಳು. ಕೈ ತೊಳೆಯುವ ಬೇಸಿನ್ ಮುಂದೆ ಹತ್ತಿ ನಿಲ್ಲಲು ಬೇರೊಂದು ಗಟ್ಟಿ ಕಾಲುಮಣೆ ಮಾಡಿಸಿ. ಅಗಲವಾದ ಕಾಲು, ಅಡಿಗೆ ರಬ್ಬರು, ಮೇಲೆ ಜಾರದ ಮೇಲ್ಮೈ ಇರಲಿ. ಓಣಿಯ ಬಡಗಿ ಅರ್ಧ ದಿನದಲ್ಲಿ ಮಾಡಿಕೊಡುವ ಕೆಲಸವಿದು. ಮಗು ತಾನೇ ಕೈ ತೊಳೆಯಲು ಕಲಿತ ದಿನ ಆ ದುಡ್ಡು ಬಡ್ಡಿ ಸಮೇತ ವಾಪಸು.

4. ಆಟಿಕೆಗೆ ಚನ್ನಪಟ್ಟಣ

ಬೆಂಗಳೂರು–ಮೈಸೂರು ದಾರಿಯಲ್ಲಿ, ರಾಜಧಾನಿಯಿಂದ ಸುಮಾರು 60 ಕಿ.ಮೀ. ದೂರದ ಚನ್ನಪಟ್ಟಣದಲ್ಲಿ ಆಟಿಕೆ ತಯಾರಾಗುವುದನ್ನು ಒಮ್ಮೆ ಮಕ್ಕಳಿಗೆ ತೋರಿಸಿ. ಹಗುರವಾದ ಹಾಲೆ ಮರದ ತುಂಡು ಚರಕಿಯಲ್ಲಿ ತಿರುಗುತ್ತದೆ. ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿದಾಗ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆಮೇಲೆ ತಾಳೆ ಗರಿ ಹಿಡಿದು ಉಜ್ಜಿದರೆ ಕನ್ನಡಿಯಂಥ ಹೊಳಪು. ಅರಿಸಿನದ ಹಳದಿ, ನೀಲಿ ಗಿಡದ ನೀಲಿ ಬಳಸುವವರನ್ನೇ ಹುಡುಕಿ ಕೊಳ್ಳಿ. ಒದ್ದೆ ಬಿಳಿ ಕರವಸ್ತ್ರದಿಂದ ಉಜ್ಜಿ ನೋಡಿ, ಬಣ್ಣ ಬಿಟ್ಟರೆ ಅಲ್ಲೇ ಇಟ್ಟು ಬನ್ನಿ. ಕಪಾಟಿನ ಮೇಲೆ ಸಾಲಾಗಿ ನಿಲ್ಲಿಸಿದರೆ ಅಲಂಕಾರಕ್ಕೆ ಬೇರೆ ವಸ್ತು ಬೇಡ.

2021ರ ಜನವರಿ 1ರಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳ ಮತ್ತು ಭೌಗೋಳಿಕ ಸೂಚಿ ಪಡೆದ ಆಟಿಕೆಗಳಿಗೆ ಮಾತ್ರ ವಿನಾಯಿತಿ. ಚನ್ನಪಟ್ಟಣಕ್ಕೆ ಆ ಸೂಚಿ ಇದೆ. ಉಳಿದ ಯಾವ ಆಟಿಕೆ ಕೊಂಡರೂ ಗುರುತು ನೋಡಿ. ಮೂರು ವರ್ಷದೊಳಗಿನ ಮಗುವಿಗೆ ಅಡುಗೆ ಸೆಟ್ಟಿನಂಥ ಚಿಕ್ಕ ತುಣುಕಿನ ಆಟಿಕೆ ಬೇಡ. ಟಿಶ್ಯೂ ಸುರುಳಿಯ ರಟ್ಟಿನ ಕೊಳವೆಯೊಳಗೆ ತೂರುವ ವಸ್ತು ಮಗುವಿನ ಗಂಟಲಲ್ಲೂ ಸಿಕ್ಕಬಹುದು ಎಂಬುದು ಮನೆಯಲ್ಲೇ ಮಾಡಬಹುದಾದ ಸುಲಭ ಪರೀಕ್ಷೆ.

5. ಮೂರರಲ್ಲಿ ಒಂದು ಪಾಲು ಮಾತ್ರ ಹೊರಗಿಡಿ

ಐವತ್ತು ಆಟಿಕೆ ಹರಡಿಕೊಂಡ ಮಗು ಯಾವುದರಲ್ಲೂ ಐದು ನಿಮಿಷ ಕೂರುವುದಿಲ್ಲ. ಮೂರು ಪಾಲು ಮಾಡಿ ಎರಡನ್ನು ಟ್ರಂಕಿಗೆ ಹಾಕಿ, ಹದಿನೈದು ದಿನಕ್ಕೊಮ್ಮೆ ಬದಲಿಸಿ. ಹಳೆಯ ಆಟಿಕೆ ಹೊಸದಾಗಿ ಹುಟ್ಟಿ ಬರುತ್ತದೆ. ಹೊರಗಿಟ್ಟ ಪಾಲಿಗೆ ಬುಟ್ಟಿ ಬೇಕು. ಮೇದಾರರು ಹೆಣೆದ ಬಿದಿರಿನ ಬುಟ್ಟಿ, ಹಂಪಿಯ ಎದುರು ದಡದ ಆನೆಗುಂದಿಯಲ್ಲಿ ಬಾಳೆನಾರಿನಿಂದ ಹೆಣೆಯುವ ಬುಟ್ಟಿ ಎರಡೂ ನಡುಮನೆಗೆ ಒಪ್ಪುತ್ತವೆ. ಬಿದಿರಿನ ಸಿಬಿರು ಏಳದಂತೆ ಅಂಚಿಗೆ ಹತ್ತಿ ಬಟ್ಟೆ ಸುತ್ತಿ ಹೊಲಿಯಿರಿ. ಒಂದು ಬುಟ್ಟಿಗೆ ಒಂದೇ ಜಾತಿ, ಮುಚ್ಚಳವಿಲ್ಲದೆ. ಟ್ರಂಕಿನ ಮುಚ್ಚಳ ಎಳೆಯ ಬೆರಳಿಗೆ ಬಿದ್ದರೆ ಜಜ್ಜುತ್ತದೆ, ಆದ್ದರಿಂದ ಟ್ರಂಕು ದೊಡ್ಡವರ ಕೋಣೆಯಲ್ಲೇ ಇರಲಿ.

6. ನೆಲಕ್ಕೆ ಜಮಖಾನ, ಮೇಲೆ ಕೌದಿ

ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು ನೇಯುವ ಹತ್ತಿ ಜಮಖಾನ ಮಕ್ಕಳಿಗೆಂದೇ ಹುಟ್ಟಿದಂತಿದೆ. ಗಿಳಿ, ನವಿಲು, ಪಗಡೆ ಹಾಸಿನ ವಿನ್ಯಾಸ ಅದರಲ್ಲೇ ನೇಯ್ದು ಬಂದಿರುತ್ತದೆ. ಕತೆ ಹೇಳಲು ಗಿಳಿಯುಂಟು, ಆಡಲು ಮನೆಗಳುಂಟು. ಗಾಢ ಬಣ್ಣಗಳಾದ್ದರಿಂದ ಸಾರು ಚೆಲ್ಲಿದರೂ ಗಾಬರಿಯಾಗಬೇಕಿಲ್ಲ. ಜಾರದಂತೆ ಅಡಿಯಲ್ಲಿ ರಬ್ಬರಿನ ಜಾಲರಿ ಹಾಸಿ.

ಇನ್ನು ಕೌದಿ. ಅಜ್ಜಿಯ ಇಳಕಲ್ಲ ಸೀರೆ, ಅಜ್ಜನ ಧೋತರ, ಹಳೆಯ ಲಂಗ ಎಲ್ಲ ಪದರಪದರವಾಗಿ ಸೇರಿ ಉದ್ದುದ್ದ ಹೊಲಿಗೆಯಲ್ಲಿ ಒಂದಾದ ಹೊದಿಕೆ ಅದು. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಮಹಿಳೆಯರು ಹೊಲಿಯುವ ತೇಪೆ ಕೌದಿಗಳ ಬಣ್ಣಗಾರಿಕೆಗೆ ಯಾವ ಬೆಲೆಬಾಳುವ ಹಾಸೂ ಸಾಟಿಯಲ್ಲ. ಹಗಲಲ್ಲಿ ಆಟದ ಹಾಸು, ರಾತ್ರಿ ಹೊದಿಕೆ, ರಜೆಯಲ್ಲಿ ಡೇರೆ. ಒಂದೇ ಎಚ್ಚರಿಕೆ: ವರ್ಷ ತುಂಬದ ಕೂಸು ಮಲಗಿರುವಾಗ ಸಡಿಲ ಹೊದಿಕೆ, ದಿಂಬು ಹತ್ತಿರ ಬೇಡ.

7. ಗೋಡೆಯ ಕೆಳಗಿನ ಮೂರಡಿ ಮಗುವಿಗೆ ಬಿಟ್ಟುಕೊಡಿ

ಮಗು ಗೋಡೆಗೆ ಗೀಚುವುದನ್ನು ತಡೆಯಲಾಗದು, ಜಾಗ ತೋರಿಸಬಹುದು. ಸಾಗರ, ಸೊರಬದ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಅದನ್ನೇ ಅನುಸರಿಸಿ. ಒಂದು ಗೋಡೆಯ ಕೆಳಗಿನ ಮೂರಡಿಗೆ ಕೆಮ್ಮಣ್ಣಿನ ಬಣ್ಣದ, ಸೀಮೆಸುಣ್ಣ ಹಿಡಿಯುವ ಮಂಕು ಪೇಂಟ್ ಹೊಡೆಸಿ, ಕೈಗೆ ಬಿಳಿ ಸೀಮೆಸುಣ್ಣ ಕೊಡಿ. ಎರಡೇ ಬಣ್ಣವಾದ್ದರಿಂದ ಮಗುವಿನ ಗೀಚೂ ಚಿತ್ತಾರವಾಗಿ ಕಾಣುತ್ತದೆ. ಉಳಿದ ಗೋಡೆಗಳಿಗೆ ತೊಳೆಯಬಹುದಾದ ಪೇಂಟ್. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂದು ನಮ್ಮ 2016ರ ನಿಯಮ ಹೇಳುತ್ತದೆ. ಡಬ್ಬದ ಮೇಲೆ ಅದು ನಮೂದಾಗಿದೆಯೇ ನೋಡಿ. ಹಳೆ ಮನೆಯ ಸಿಪ್ಪೆ ಏಳುವ ಬಣ್ಣವನ್ನು ಮಗು ಇರುವಾಗ ಕೆರೆಸಬೇಡಿ, ಆ ಧೂಳು ಒಳ್ಳೆಯದಲ್ಲ.

8. ಊಟದ ಸಾಮಾನಿಗೆ ಲೋಹವನ್ನೇ ನಂಬಿ

ಬೆಳ್ಳಿಯದೋ ಸ್ಟೀಲಿನದೋ ಒಳಲೆ ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಕೂಸುಗಳಿಗೆ ಹಾಲು ಕುಡಿಸಿದೆ. ಹಿಂಡಿ ತೆಗೆದ ತಾಯಿಹಾಲನ್ನು ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೆ ಕುಡಿಸಲು ಆಸ್ಪತ್ರೆಗಳೂ ಒಳಲೆ ಬಳಸುತ್ತವೆ. ಬಾಟಲಿಯ ನಿಪ್ಪಲ್ಲಿನಂತೆ ಸಂದುಗೊಂದು ಇಲ್ಲದ್ದರಿಂದ ತೊಳೆದು ಕುದಿಸುವುದು ಸುಲಭ. ಮಗು ಬೆಳೆದಂತೆ ಕಂಠವಿರುವ ಸಣ್ಣ ಸ್ಟೀಲ್ ಲೋಟ, ಅಂಚು ಎತ್ತರದ ಪುಟ್ಟ ತಟ್ಟೆ ಕೊಡಿ. ಬಿದ್ದರೆ ಸದ್ದಾಗುತ್ತದೆ, ಒಡೆಯುವುದಿಲ್ಲ. ಮಗುವಿನ ಹೆಸರು ಕೆತ್ತಿಸಿದರೆ ಮದುವೆಯವರೆಗೂ ಉಳಿಯುವ ವಸ್ತು.

9. ಎತ್ತರದ್ದನ್ನೆಲ್ಲ ಗೋಡೆಗೆ ಬಿಗಿಯಿರಿ

ಡ್ರಾಯರ್ ಎಳೆದು ಮೆಟ್ಟಿಲು ಮಾಡಿಕೊಳ್ಳುವುದು ಎರಡು ವರ್ಷದ ಮಗುವಿನ ಸಹಜ ಬುದ್ಧಿ. ಆಗ ಬೀರು ಮುಂದಕ್ಕೆ ವಾಲುತ್ತದೆ. ಪುಸ್ತಕದ ಕಪಾಟು, ಬಟ್ಟೆ ಬೀರು, ಟಿ.ವಿ. ಎಲ್ಲಕ್ಕೂ ‘ಎಲ್’ ಆಕಾರದ ಕ್ಲಾಂಪು ಹಾಕಿಸಿ. ಭಾರದ ಸಾಮಾನು ಕೆಳಗಿನ ಅರೆಗೆ, ಹಗುರದ್ದು ಮೇಲಕ್ಕೆ. ಬಾಡಿಗೆ ಮನೆಯಾದರೆ ಮಾಲೀಕರಿಗೆ ತಿಳಿಸಿ ಎರಡು ತೂತು ಕೊರೆಸಿ. ಬಿಡುವಾಗ ಮುಚ್ಚಿಸಿಕೊಟ್ಟರಾಯಿತು. ಬೀರುವಿನ ತಲೆಯ ಮೇಲೆ ಮಗುವಿನ ಕಣ್ಣು ಸೆಳೆಯುವ ಗೊಂಬೆ ಇಡಬೇಡಿ.

10. ಕಾಣದ ಅಪಾಯಕ್ಕೇ ಮೊದಲ ದುಡ್ಡು

ಮನೆಯ ಸ್ವಿಚ್‌ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದು ಎಲೆಕ್ಟ್ರಿಷಿಯನ್ನನ್ನು ಕೇಳಿ. ವಿದ್ಯುತ್ತು ಮೈಗೆ ಹರಿದರೆ ಕ್ಷಣಾರ್ಧದಲ್ಲಿ ಸರಬರಾಜು ಕಡಿಯುವ ಸಾಧನ ಅದು. ಪ್ಲಗ್ಗಿನ ರಂಧ್ರ ಮುಚ್ಚಿಕೊಳ್ಳುವ ಸಾಕೆಟ್ ಹಾಕಿಸಿ. ಗೀಸರನ್ನು 50 ಡಿಗ್ರಿ ಮೀರದಂತೆ ಇಳಿಸಿ. ಬಚ್ಚಲಲ್ಲಿ ತುಂಬಿದ ಬಕೆಟ್ ಬಿಡಬೇಡಿ, ಕೆಲವೇ ಅಂಗುಲ ನೀರಿನಲ್ಲಿ ಕೂಸು ಮುಳುಗಬಲ್ಲದು. ರಿಮೋಟು, ಹಾಡುವ ಆಟಿಕೆಗಳ ಗುಂಡಿ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಆ ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು, ಅನುಮಾನ ಬಂದ ಕೂಡಲೇ ಆಸ್ಪತ್ರೆಗೆ ಓಡಿ. ಫಿನಾಯಿಲನ್ನು ಜ್ಯೂಸಿನ ಬಾಟಲಿಗೆ ಸುರಿದಿಡುವ ಅಭ್ಯಾಸ ಇಂದೇ ನಿಲ್ಲಲಿ. ಔಷಧ, ಆ್ಯಸಿಡ್, ಸೊಳ್ಳೆ ದ್ರಾವಣಕ್ಕೆ ನಾಗಂದಿಗೆಯ ಎತ್ತರ ಮತ್ತು ಬೀಗ. ಇವು ಯಾವುವೂ ಫೋಟೊದಲ್ಲಿ ಕಾಣುವ ಖರ್ಚಲ್ಲ, ಆದರೂ ಸೋಫಾಕ್ಕಿಂತ ಮೊದಲು ಮಾಡಬೇಕಾದ ಖರ್ಚು.

11. ಬಾಲ್ಕನಿಯಲ್ಲಿ ದೊಡ್ಡಪತ್ರೆ ಬೆಳೆಸಿ

ಕಣಗಿಲೆ ವಿಷದ ಗಿಡ. ಡಿಫೆನ್‌ಬಾಕಿಯಾ, ಮನಿಪ್ಲಾಂಟಿನ ಎಲೆ ಜಗಿದರೆ ಬಾಯಿ ಉರಿದು ಊದುತ್ತದೆ. ಅವನ್ನು ಬಿಟ್ಟು ದೊಡ್ಡಪತ್ರೆ, ತುಳಸಿ, ಪುದೀನ, ಕೊತ್ತಂಬರಿ ನೆಡಿ. ಮುಟ್ಟಬಹುದು, ಮೂಸಬಹುದು, ಕಿತ್ತು ಅಮ್ಮನಿಗೆ ತಂಬುಳಿಗೆ ಕೊಡಬಹುದು. ಮಣ್ಣಿನ ಕುಂಡಗಳನ್ನು ಗೋಡೆಯ ಕಡೆಗೆ ಜೋಡಿಸಿ. ಕಂಬಿಯ ಪಕ್ಕದ ಕುಂಡ, ಸ್ಟೂಲು, ಬುಟ್ಟಿ ಹತ್ತುವ ಮಗುವಿಗೆ ಏಣಿಯಾಗುತ್ತವೆ. ಕಂಬಿಗಳ ನಡುವೆ ನಾಲ್ಕು ಅಂಗುಲಕ್ಕಿಂತ ಹೆಚ್ಚು ಸಂದಿದ್ದರೆ ಬಲೆ ಕಟ್ಟಿಸಿ.

12. ಕೊಳ್ಳುವ ಮುನ್ನ ಮೂರು ಪ್ರಶ್ನೆ

ಮಗು ಇದನ್ನು ತಾನೇ ಬಳಸಬಲ್ಲುದೇ? ತೊಳೆಯಬಹುದೇ, ರಿಪೇರಿ ಮಾಡಬಹುದೇ? ಮಗು ಬೆಳೆದ ಮೇಲೂ ಇದು ಮನೆಯಲ್ಲಿ ಇರಬಲ್ಲುದೇ? ಮೂರಕ್ಕೂ ಹೌದೆಂದರೆ ಕೊಳ್ಳಿ. ಎರಡಕ್ಕೆ ಹೌದಾದರೆ ಒಂದು ವಾರ ಕಾಯಿರಿ. ಕಲಘಟಗಿಯ ತೊಟ್ಟಿಲು ಇದಕ್ಕೆ ದೊಡ್ಡ ಮಾದರಿ. ಅರಗಿನ ಬಣ್ಣದಲ್ಲಿ ಪುರಾಣದ ಚಿತ್ರ ಬರೆದ ಆ ಮರದ ತೊಟ್ಟಿಲು ಒಬ್ಬರ ಮಗುವಿಗೆಂದು ಬಂದು, ಬಳಗದ ಕೂಸುಗಳನ್ನೆಲ್ಲ ತೂಗಿ, ಮೊಮ್ಮಕ್ಕಳ ಕಾಲಕ್ಕೂ ಗಟ್ಟಿಯಾಗಿ ಉಳಿಯುತ್ತದೆ. ಬೆಂಗಳೂರಿನಲ್ಲಿರುವವರು ಎಂ.ಜಿ. ರಸ್ತೆಯ ಕಾವೇರಿ ಮಳಿಗೆಯಲ್ಲಿ ರಾಜ್ಯದ ಕರಕುಶಲ ವಸ್ತುಗಳನ್ನು, ಪ್ರಿಯದರ್ಶಿನಿ ಮಳಿಗೆಗಳಲ್ಲಿ ಕೈಮಗ್ಗದ ಬಟ್ಟೆಯನ್ನು ಮುಟ್ಟಿ ನೋಡಿ ಆರಿಸಬಹುದು.

ಹನ್ನೆರಡನ್ನೂ ಒಂದೇ ವಾರದಲ್ಲಿ ಮಾಡಬೇಕಿಲ್ಲ. ಹತ್ತನೆಯದನ್ನು ಮಾತ್ರ ನಾಳೆಗೆ ತಳ್ಳಬೇಡಿ. ಉಳಿದವುಗಳಿಗೆ ಈ ಭಾನುವಾರ ಒಂದು ಚಿಕ್ಕ ಕೆಲಸದಿಂದ ಶುರುಮಾಡಿ. ಮನೆಯ ಅತ್ಯಂತ ಕೆಳಗಿನ ಅರೆಯೊಂದನ್ನು ಖಾಲಿ ಮಾಡಿ, ಒರೆಸಿ, ಮಗುವನ್ನು ಕರೆದು ‘ಇದು ನಿನ್ನದು’ ಎಂದು ಹೇಳಿ. ಅಲ್ಲಿ ಏನಿಡಬೇಕೆಂದು ಮಗುವೇ ತೋರಿಸುತ್ತದೆ.