ಕುದುರೆಯ ಹೆರಿಗೆ: ಆಪತ್ತಿಗೆ ಪೂರ್ವಸಿದ್ಧತೆ

ಹಸು ಎಮ್ಮೆಗಳು ಈಯುವುದನ್ನು ಕಂಡು ಪಳಗಿದವರು ಕುದುರೆಯ ವಿಷಯದಲ್ಲಿ ಎಚ್ಚರ ತಪ್ಪುವುದುಂಟು. ನೀರುಚೀಲ ಒಡೆದ ಮೇಲೆ ಗಂಟೆಯೊಂದೆರಡು ತಿಣುಕಿಯೂ ಹಸು ಸುಖವಾಗಿ ಕರುಹಾಕಬಲ್ಲುದು. ಕುದುರೆಯಾದರೋ 20ರಿಂದ 30 ನಿಮಿಷಗಳೊಳಗೆ ಹೆರದಿದ್ದಲ್ಲಿ ಮರಿಯ ಪ್ರಾಣಕ್ಕೇ ಸಂಚಕಾರ. ಟಿಪ್ಪುವಿನ ಕಾಲದಿಂದ ಅಶ್ವಪಾಲನೆಗೆ ಹೆಸರಾದ ಕುಣಿಗಲಿನಂತಹ ಸ್ಥಳಗಳಲ್ಲಿ ಅನುಭವಿಗಳು ಕೂಗಳತೆಯಲ್ಲೇ ದೊರೆತಾರು. ಒಂದೆರಡು ಕುದುರೆಗಳನ್ನು ಅಕ್ಕರೆಯಿಂದ ಸಾಕಿಕೊಂಡಿರುವ ಗೃಹಸ್ಥನಿಗಾಗಿ ಈ ಮಾತುಗಳು.

ಗರ್ಭಾವಧಿ ಸುಮಾರು 340 ದಿನ. ಹಲವು ದಿನಗಳ ಹಿಂದುಮುಂದು ಸಹಜವೇ. ಹೆರಿಗೆಗೆ ತಿಂಗಳೊಪ್ಪತ್ತು ಮುಂಚೆಯೇ ಕುದುರೆಯನ್ನು ಈಯಬೇಕಾದ ಲಾಯಕ್ಕೆ ತಂದಿರಿಸಿ, ಧನುರ್ವಾಯುವಿನ ಚುಚ್ಚುಮದ್ದನ್ನು ಹಾಕಿಸಿದರೆ, ಆ ಸ್ಥಳದ ರೋಗಾಣುಗಳನ್ನು ಎದುರಿಸುವ ಶಕ್ತಿ ಗಿಣ್ಣುಹಾಲಿನ ಮೂಲಕ ಮರಿಗೂ ಲಭಿಸುತ್ತದೆ. ಲಾಯವು 14 ಅಡಿ ಚೌಕವಿದ್ದು, ನೆಲದ ಮೇಲೆ ಶುಭ್ರವಾದ ಒಣಹುಲ್ಲು ದಪ್ಪನಾಗಿ ಹಾಸಿರಲಿ. ಕೈಪೆಟ್ಟಿಗೆಯಲ್ಲಿ ಟಾರ್ಚು, ಗಡಿಯಾರ, ಮೊನೆಯಿಲ್ಲದ ಕತ್ತರಿ, ಒಗೆದ ಟವೆಲ್ಲುಗಳು, ಸಾಬೂನು, ಬಾಲಕ್ಕೆ ಸುತ್ತುವ ಬಟ್ಟೆ, ಹೊಕ್ಕುಳಿನ ಔಷಧ, ಇಬ್ಬರು ಪಶುವೈದ್ಯರ ಫೋನ್ ಸಂಖ್ಯೆಗಳು ಸಿದ್ಧವಿರಬೇಕು. ಒಬ್ಬರೇ ವೈದ್ಯರನ್ನು ನೆಚ್ಚಿಕೊಳ್ಳುವುದು ಸಾಲದು, ಏಕೆಂದರೆ ಬಹುತೇಕ ಕುದುರೆಗಳು ಈಯುವುದು ರಾತ್ರಿಯಲ್ಲಿ. ಮೊಲೆತುದಿಗಳಲ್ಲಿ ಮೇಣದಂತಹ ಹನಿ ಗಟ್ಟಿಗೊಂಡಿತೆಂದರೆ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಹೆರಿಗೆಯೆಂದು ತಿಳಿದು, ದೂರದಿಂದಲೇ, ಸದ್ದಿಲ್ಲದೆ ಕಾಯತಕ್ಕದ್ದು.

ನೀರು ಒಡೆದ ಗಳಿಗೆಯನ್ನು ಕೂಡಲೇ ಬರೆದಿಡಿ. ಬಿಳಿಯ ಪೊರೆಯೊಳಗೆ ಅಂಗಾಲು ಕೆಳಮುಖವಾಗಿ ಮುಂಗಾಲುಗಳೆರಡು ಒಂದರ ಹಿಂದೊಂದು, ಅವುಗಳ ಮೇಲೆ ಮೂತಿ, ಹೀಗೆ ಕಾಣಿಸಿಕೊಂಡರೆ ಕೈಹಾಕದೆ ನಿಲ್ಲುವುದೇ ಉಪಕಾರ. ಒಂದೇ ಕಾಲು ಬಂದರೆ, ಅಂಗಾಲು ಮೇಲ್ಮುಖವಾಗಿದ್ದರೆ, ಅಥವಾ 10 ನಿಮಿಷವಾದರೂ ಏನೂ ಕಾಣದಿದ್ದರೆ ವೈದ್ಯರನ್ನು ಕರೆದು, ಅವರು ಬರುವವರೆಗೂ ಕುದುರೆಯನ್ನು ನಿಧಾನವಾಗಿ ನಡೆಸುತ್ತಿರಿ. ನಡೆಯುವಾಗ ಅದು ಮುಕ್ಕುವುದು ಕಡಿಮೆ.

ಎಲ್ಲಕ್ಕಿಂತಲೂ ಭಯಂಕರವಾದ ಆಪತ್ತೆಂದರೆ, ಬಿಳಿಯ ಪೊರೆಯ ಬದಲು ಮಖಮಲ್ಲಿನಂತಹ ಕೆಂಪು ಚೀಲ ಹೊರಬರುವುದು. ಮಾಸು ಗರ್ಭಕೋಶದಿಂದ ಅಕಾಲದಲ್ಲಿ ಕಳಚಿಕೊಂಡು, ಮರಿಗೆ ತಾಯಿಯ ರಕ್ತದಿಂದ ದೊರೆಯುತ್ತಿದ್ದ ಪ್ರಾಣವಾಯು ನಿಂತುಹೋಗುತ್ತಿದೆಯೆಂದು ಅದರ ಅರ್ಥ. ಆಗ ವೈದ್ಯರಿಗಾಗಿ ಕಾಯುವ ಅವಕಾಶವಿಲ್ಲ. ಒಬ್ಬರು ಫೋನಿನಲ್ಲಿ ಕರೆಯುತ್ತಿರುವಂತೆಯೇ ಇನ್ನೊಬ್ಬರು ಚೀಲವನ್ನು ಕತ್ತರಿಯಿಂದ ಸೀಳಿ, ಒಳಗಿನ ಬಿಳಿಯ ಪೊರೆಯನ್ನೂ ಹರಿದು, ಮುಂಗಾಲುಗಳನ್ನು ಹಿಡಿದು, ತಾಯಿ ಮುಕ್ಕಿದಾಗಲೆಲ್ಲ ಕೆಳಮುಖವಾಗಿ ಎಳೆದು ಮರಿಯನ್ನು ಹೊರತರಬೇಕು. ಮನೆಯವರೆಲ್ಲರಿಗೂ ಇದನ್ನು ಮುಂಚೆಯೇ ಬಾಯಿಪಾಠ ಮಾಡಿಸಿಡಬೇಕೆಂದು ನನ್ನ ಬಿನ್ನಹ.

ಹುಟ್ಟಿದ ಮರಿಯ ಮೂಗಿನ ಪೊರೆ ತೆಗೆಯಿರಿ. ಹೊಕ್ಕುಳುಬಳ್ಳಿಯನ್ನು ಕತ್ತರಿಸದೆ ತಾನಾಗಿಯೇ ಹರಿಯಲು ಬಿಟ್ಟು, ಬಳಿಕ ಔಷಧದಲ್ಲಿ ಅದ್ದಿರಿ. ಮರಿ 1 ಗಂಟೆಯಲ್ಲಿ ನಿಲ್ಲಬೇಕು, 2 ಗಂಟೆಯಲ್ಲಿ ಹಾಲು ಕುಡಿಯಬೇಕು. ಅದು ರೋಗನಿರೋಧಕಗಳಿಲ್ಲದೆಯೇ ಹುಟ್ಟುವುದರಿಂದಲೂ, ಗಿಣ್ಣಿನಿಂದ ಅವುಗಳನ್ನು ಹೀರುವ ಕರುಳಿನ ಶಕ್ತಿ ದಿನದೊಳಗೆ ಮುಗಿಯುವುದರಿಂದಲೂ, ತಡವಾದರೆ ವೈದ್ಯರಿಗೆ ತಿಳಿಸಲೇಬೇಕು. ತಾಯಿಯ ಒಸಡು ಬಿಳಿಚಿಕೊಂಡು ಮೈ ಬೆವೆತರೆ ಒಳಗೆ ರಕ್ತಸ್ರಾವವಾಗುತ್ತಿರಬಹುದು. ಅದನ್ನು ನಡೆಸದೆ, ಗದ್ದಲವಿಲ್ಲದೆಡೆ ನಿಲ್ಲಿಸಿ ವೈದ್ಯರನ್ನು ಕರೆಯಿರಿ.

ಮಾಸು 3 ಗಂಟೆಯೊಳಗೆ ಬೀಳಬೇಕು. ಜೋತಾಡುತ್ತಿದ್ದರೆ ಎಳೆಯದೆ, ಭಾರವನ್ನೂ ತೂಗುಹಾಕದೆ, ಕುದುರೆ ತುಳಿಯದಂತೆ ಮೇಲಕ್ಕೆ ಗಂಟುಕಟ್ಟಿ, ವೈದ್ಯರನ್ನು ಕರೆಸಿರಿ. ಬಿದ್ದ ಮಾಸನ್ನು ಎಸೆಯದೆ ಬಕೆಟ್ಟಿನಲ್ಲಿಟ್ಟು ಅವರಿಗೆ ತೋರಿಸತಕ್ಕದ್ದು. ಅದರ ತುಣುಕೊಂದು ಒಳಗುಳಿದರೂ ಗರ್ಭಕೋಶದ ನಂಜು ಮೈಗೇರಿ, ಗೊರಸಿನೊಳಗೆ ಉರಿಯೂತವೆದ್ದು, ಕುದುರೆ ಶಾಶ್ವತವಾಗಿ ಕುಂಟಾಗುವ ಭಯವುಂಟು.