ಕಾಣದ ಕಾಲುವೆ

ಕೆರೆಯ ನೀರು ಊರಿಗೆಲ್ಲ ಸೇರಿದ್ದು. ತೂಬಿನಿಂದ ಹೊರಟ ನೀರು ಯಾವ ಗದ್ದೆಗೆ ಎಷ್ಟು ಹೊತ್ತು ಹರಿಯಬೇಕೆಂಬುದನ್ನು ಹಿಂದೆ ನೀರುಗಂಟಿಯು ನೋಡಿಕೊಳ್ಳುತ್ತಿದ್ದನು. ಒಬ್ಬನು ಸರದಿ ಮೀರಿ ನೀರನ್ನು ತಿರುಗಿಸಿಕೊಂಡರೆ ಕೊನೆಯ ಗದ್ದೆಯ ಪೈರು ಒಣಗುತ್ತಿತ್ತು. ಹೀಗೆಯೇ ಹಲವರು ಹಂಚಿಕೊಂಡು ಬಳಸಬೇಕಾದ, ಆದರೆ ಕಣ್ಣಿಗೆ ಕಾಣದ ಇನ್ನೊಂದು ಸಂಪತ್ತು ಉಂಟು. ಅದೇ ರೇಡಿಯೊ ತರಂಗಗಳ ಹಾದಿ.

1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಭೂಮಾಪನದ ಆಧಾರರೇಖೆಯೊಂದನ್ನು ಉಕ್ಕಿನ ಸರಪಳಿಯಿಂದ ಅಳೆದನು. ಆ ಸರಪಳಿಯಿಂದ ಯಾರ ಮಾತುಕತೆಗೂ ಅಡ್ಡಿಯಾಗುವಂತಿರಲಿಲ್ಲ. ಇಂದಿನ ಭೂಮಾಪಕನಾದರೋ ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸಂಕೇತಗಳಿಂದ ತಾನು ನಿಂತ ಸ್ಥಾನವನ್ನು ಅರಿಯುತ್ತಾನೆ. ಒಂಟಿ ಉಪಕರಣದ ಲೆಕ್ಕದಲ್ಲಿ ಕೆಲವು ಮೀಟರುಗಳ ತಪ್ಪು ನುಸುಳಬಹುದು. ಹೊಲದ ಎಲ್ಲೆಯನ್ನು ಗುರುತಿಸುವವನಿಗೆ ಅಷ್ಟು ತಪ್ಪು ಸಲ್ಲದು. ಆದುದರಿಂದ ಆತನು ಒಂದು ಉಪಕರಣವನ್ನು ನೆಲೆ ಗೊತ್ತಿರುವ ಬಿಂದುವಿನ ಮೇಲೆ ನಿಲ್ಲಿಸಿ, ಇನ್ನೊಂದನ್ನು ಹಿಡಿದು ಎಲ್ಲೆಯುದ್ದಕ್ಕೂ ನಡೆಯುತ್ತಾನೆ. ನಿಂತ ಉಪಕರಣವು ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ತಿದ್ದುಪಡಿಯ ವಿವರವನ್ನು ರೇಡಿಯೊ ಮೂಲಕ ಕಳುಹಿಸುತ್ತದೆ. ಅದರ ನೆರವಿನಿಂದ ತಪ್ಪು ಒಂದೆರಡು ಸೆಂಟಿಮೀಟರಿಗೆ ಇಳಿಯುತ್ತದೆ.

ತೊಡಕು ಹುಟ್ಟುವುದು ಇಲ್ಲಿಯೇ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಭೂಮಾಪಕರು ಬಳಸುವ ಆವೃತ್ತಿಗಳಲ್ಲಿ ಅನೇಕವು ಅವರಿಗಷ್ಟೇ ಮೀಸಲಾದುವಲ್ಲ. ಕಟ್ಟಡ ಕಟ್ಟುವವರೂ ಇತರ ಉದ್ಯಮಗಳವರೂ ಅವುಗಳಲ್ಲಿಯೇ ಮಾತನಾಡುತ್ತಾರೆ. “ಭಾರ ಇಳಿಸಬೇಡ, ಕೆಳಗೆ ಜನರಿದ್ದಾರೆ” ಎಂದು ಕೆಲಸಗಾರನೊಬ್ಬನು ಯಂತ್ರಚಾಲಕನಿಗೆ ಕೂಗಿ ಹೇಳುವ ಕ್ಷಣದಲ್ಲಿ ಪ್ರಬಲವಾದ ಮಾಪನ ಸಂಕೇತವು ಆ ದನಿಯನ್ನು ಮುಚ್ಚಿಬಿಟ್ಟರೆ ಗತಿಯೇನು? ಮಾತನಾಡುವ ಮನುಷ್ಯನು ನಡುವೆ ಸುಮ್ಮನಾಗುತ್ತಾನೆ. ಯಂತ್ರವಾದರೋ ಮಿಡಿಯುತ್ತಲೇ ಇರುತ್ತದೆ.

ಹಂಚಿಕೊಂಡ ಹಾದಿಗೆ ಶಿಸ್ತು ಬೇಕೆಂಬುದನ್ನು ಜಗತ್ತು ಕಹಿಯಾದ ಅನುಭವದಿಂದ ಕಲಿಯಿತು. 1912ರ ಏಪ್ರಿಲ್ 14ರ ರಾತ್ರಿ ಕ್ಯಾಲಿಫೋರ್ನಿಯನ್ ಎಂಬ ಹಡಗು ತಾನು ಹಿಮಗಡ್ಡೆಗಳ ನಡುವೆ ನಿಂತಿರುವುದಾಗಿ ಟೈಟಾನಿಕ್ ಹಡಗಿಗೆ ತಿಳಿಸಿತು. ಪ್ರಯಾಣಿಕರ ಸಂದೇಶಗಳನ್ನು ಕಳುಹಿಸುವುದರಲ್ಲಿ ಮುಳುಗಿದ್ದ ಟೈಟಾನಿಕ್‌ನ ನಿಸ್ತಂತು ಚಾಲಕನು ಸುಮ್ಮನಿರುವಂತೆ ಹೇಳಿದನು. ಸ್ವಲ್ಪ ಹೊತ್ತಿನಲ್ಲಿ ಕ್ಯಾಲಿಫೋರ್ನಿಯನ್‌ನ ಚಾಲಕನು ಯಂತ್ರವನ್ನು ನಿಲ್ಲಿಸಿ ಮಲಗಿದನು. ಅನಂತರ ಬಂದ ಆರ್ತನಾದ ಆ ಹಡಗಿಗೆ ಕೇಳಿಸಲಿಲ್ಲ. ಅದೇ ವರ್ಷ ಅಮೆರಿಕವು ರೇಡಿಯೊ ಪ್ರಸಾರಕ್ಕೆ ಪರವಾನಗಿಯನ್ನು ಕಡ್ಡಾಯಗೊಳಿಸುವ ಶಾಸನವನ್ನು ಮಾಡಿತು.

ಇಂದು ಅಲ್ಲಿ ಫೆಡರಲ್ ಸಂಪರ್ಕ ಆಯೋಗವು ಈ ನಿಯಮಗಳನ್ನು ವಿಧಿಸುತ್ತದೆ. ಇಂತಹ ಆವೃತ್ತಿಯಲ್ಲಿ ಪ್ರಸಾರ ಮಾಡುವ ಭೂಮಾಪಕನು ಪರವಾನಗಿ ಪಡೆದಿರಬೇಕು. ಬೇರೆಯವರಿಗೆ ಅಡ್ಡಿಯಾಗದಂತೆ, ಹಾದಿಯಲ್ಲಿ ಮಾತುಕತೆ ನಡೆಯುತ್ತಿದೆಯೇ ಎಂದು ಕಿವಿಗೊಟ್ಟು ಕೇಳಬೇಕು. ಪ್ರಸಾರವು ಎಡೆಬಿಡದೆ ನಡೆಯುವಾಗ 15 ನಿಮಿಷಕ್ಕೊಮ್ಮೆ ತನಗೆ ಕೊಟ್ಟ ಗುರುತಿನ ಹೆಸರನ್ನು ದನಿಯಲ್ಲಾಗಲಿ ಮೋರ್ಸ್ ಸಂಕೇತದಲ್ಲಾಗಲಿ ಸಾರಬೇಕು. ಗುರುತು ತಿಳಿದರೆ ತೊಂದರೆಗೊಳಗಾದವನು ಯಾರನ್ನು ಕೇಳಬೇಕೆಂದು ಅರಿಯುತ್ತಾನೆ. ಪರವಾನಗಿಯು ಬಳಕೆಯ ಹಕ್ಕೇ ಹೊರತು ಒಡೆತನವಲ್ಲ.

ನಮ್ಮ ದೇಶದಲ್ಲಿಯೂ ಆವೃತ್ತಿಗಳ ಹಂಚಿಕೆಯು ಕೇಂದ್ರ ಸರ್ಕಾರಕ್ಕೆ ಸೇರಿದ್ದು. ಅದಕ್ಕಾಗಿಯೇ ಇರುವ ವಿಭಾಗವು 1952ರಲ್ಲಿ ಸ್ಥಾಪಿತವಾಯಿತು. ಕೆಲವು ಆವೃತ್ತಿಗಳಿಗೆ ಪರವಾನಗಿ ಬೇಡವೆಂಬುದು ನಿಜ. ಆದರೆ ಅಲ್ಲಿಯೂ ಪ್ರಸಾರದ ಶಕ್ತಿಗೆ ಮಿತಿಯುಂಟು.

ಆದರೂ ನಿಯಮವು ಹೊಲದ ಮೂಲೆಮೂಲೆಯಲ್ಲಿ ಕಾವಲು ನಿಲ್ಲಲಾರದು. ಬಯಲಿನಲ್ಲಿ ಒಬ್ಬನೇ ನಿಂತ ಭೂಮಾಪಕನು ಗುಂಡಿಯನ್ನು ಒತ್ತುವ ಮುನ್ನ ಒಂದು ನಿಮಿಷ ಕಿವಿಗೊಡುತ್ತಾನೋ ಇಲ್ಲವೋ ಎಂಬುದನ್ನು ಆತನ ಮನಸ್ಸೇ ಬಲ್ಲುದು. ಇನ್ನೊಬ್ಬರ ದನಿ ಕೇಳಿಬಂದರೆ ಆತನು ಬೇರೆ ಆವೃತ್ತಿಗೆ ಸರಿಯಬೇಕು, ಇಲ್ಲವೆ ಕಾಯಬೇಕು. ನೆರೆಯವನ ನೆಲಕ್ಕೆ ಅಂಗುಲದಷ್ಟೂ ಅನ್ಯಾಯವಾಗದಂತೆ ಅಳೆಯುವುದು ಭೂಮಾಪಕನ ಧರ್ಮ. ಅಳೆಯುವ ಭರದಲ್ಲಿ ನೆರೆಯವನ ದನಿಯನ್ನು ಕಸಿಯದಿರುವುದೂ ಅದೇ ಧರ್ಮದ ಇನ್ನೊಂದು ಮುಖ.